ನಡುಹೊಳೆಯಲ್ಲಿ ಕುರಿಗಳು

ಹಿರಿಯೂರಿನ ಒಂದು ಕಾಲೇಜಿನ ಗ್ರಂಥಾಲಯದ ಹಿಂಬದಿ ಕೋಣೆಯಲ್ಲಿ ಕಪಾಟೊಂದು ಖಾಲಿ ಉಳಿದದ್ದೇ ಎಲ್ಲಕ್ಕೂ ಮೂಲ. ಗ್ರಂಥಪಾಲಕ ಹಾಲೇಶ್ ಅದರ ಮೇಲೆ ‘ನೆಲದ ಅರಿವು’ ಎಂದು ಚೆಂದಾಗಿ ಬರೆಸಿದ್ದ. ಆದರೆ ಊರಾಚೆಯ ಕುರಿಗಾಹಿ ಹಟ್ಟಿಯವರ ಅರಿವು ಇದ್ದದ್ದು ನಾಲಿಗೆಯ ಮೇಲೆ, ಪುಸ್ತಕದಲ್ಲಲ್ಲ. ಕಪಾಟಿನಲ್ಲಿ ಜೇಡವೊಂದೇ ಸಂಸಾರ ಹೂಡಿತ್ತು.

“ಇವತ್ತು ವಿಶ್ವವಿದ್ಯಾಲಯದೋರು ನೋಡಾಕೆ ಬರ್ತಾರೆ,” ಎಂದರು ಪ್ರಾಂಶುಪಾಲ ಬಸವೇಶ್. “ಮೆಚ್ಚಿದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಪರೀಕ್ಷಾ ವಿಭಾಗದೋರು ಉತ್ತರಪತ್ರಿಕೆ ತುಂಬ್ಕಂತಾರೆ. ಆಮೇಲೆ ನನ್ನ ಅನ್‌ಬ್ಯಾಡ್ರಿ.”

ಹಾಲೇಶ್ ಮನದಲ್ಲೇ ಶಿವನಿಗೆ ಕೈಮುಗಿದು ಗೊಲ್ಲರಹಟ್ಟಿಗೆ ಓಡಿದ. ಕುರಿಯ ಕತೆ, ಸೊಪ್ಪಿನ ಮದ್ದು ಎಲ್ಲ ಬಲ್ಲ ಬೊಮ್ಮಕ್ಕನನ್ನು ಆಟೋದಲ್ಲಿ ಕರೆತಂದ. ಅಜ್ಜಿ ಕುರ್ಚಿ ಒಲ್ಲೆನೆಂದು ನೆಲದ ಮೇಲೆ ಕುಳಿತು ಕೇಳಿದಳು, “ಹೂಂ ಅನ್ನೋರು ಯಾರಪ್ಪ?”

ಕನ್ನಡ ಉಪನ್ಯಾಸಕಿ ಪಲ್ಲವಿ ಮೊಬೈಲು ಮುಂದಿಟ್ಟಳು. “ಇದ್ರಾಗೆ ರೆಕಾರ್ಡ್ ಆಗ್ತೈತೆ, ಹೇಳಜ್ಜಿ.”

“ಅದು ಹೂಂ ಅಂತೈತಾ?”

“ಇಲ್ಲ.”

“ಹಂಗಾರೆ ಗೋಡೆಗೆ ಹೇಳ್ದಂಗೆ. ತೆಗಿಯವ್ವ ಅತ್ಲಾಗೆ.”

ಹಾಲೇಶನೇ ಎದುರು ಕುಳಿತು ಹೂಂ ಎಂದ. ಕಟ್ಟಳೆ ತಿಳಿದದ್ದು ಆಮೇಲೆ. “ಹೂಂ ಅಂದೋನು ಕತೆ ಮುಗಿಯಗಂಟ ಏಳಂಗಿಲ್ಲ,” ಎಂದಳು ಬೊಮ್ಮಕ್ಕ. “ಎದ್ರೆ ಕತೆಯಾಗಿನ ಕುರಿ ದಿಕ್ಕು ತಪ್ತಾವೆ. ಆ ಪಾಪ ನಿಂಗೇ ಸುತ್ಕಂತೈತೆ.”

ದೇವರಿಗೆ ಅಂಜುವ ಹಾಲೇಶ್ ಕಾಲು ಇನ್ನಷ್ಟು ಮಡಚಿಕೊಂಡ.

ಕತೆ ಕುರಿಮಂದೆಯಂತೆಯೇ ಸಾಗಿತು. ದಾರಿಯಲ್ಲಿ ಒಂದು ಗಿಡ ಸಿಕ್ಕರೆ ನಿಂತು, ಅದು ಯಾವ ನೋವಿಗೆ ಮದ್ದೆಂಬ ಉಪಕತೆ ಮೇಯ್ದು, ಮತ್ತೆ ಮುಂದಕ್ಕೆ. ಹೂಂ ಮೆತ್ತಗಾದರೆ ಅಜ್ಜಿ, “ಉಂಡಿಲ್ವೇನಪ್ಪ?” ಎನ್ನುವಳು. ಹಾಲೇಶ್ ದನಿ ಏರಿಸಿದ. ಅಟೆಂಡರ್ ಜಬೀವುಲ್ಲಾ ಇಣುಕಿ, “ಸಾರ್, ಓದೋ ಹುಡುಗ್ರು ಬೈತಾವ್ರೆ,” ಎಂದವನು ತಾನೂ ಬಾಗಿಲಲ್ಲೇ ಕುಂತುಬಿಟ್ಟ.

ವಿಶ್ವವಿದ್ಯಾಲಯದ ಸಮಿತಿ ಬಂದಾಗ ಹಾಲೇಶನ ಕಾಲು ನೆನೆದ ಗೋಣಿಚೀಲದಂತಾಗಿತ್ತು.

“ಎದ್ದು ಬರ್ರಿ,” ಪ್ರಾಂಶುಪಾಲರು ಹಲ್ಲು ಕಚ್ಚಿ ಪಿಸುಗುಟ್ಟಿದರು.

“ಕುರಿ ನಡುಹೊಳೆಯಾಗವೆ, ಸಾರ್.”

ಸಮಿತಿಯ ಹಿರಿಯರಾದ ಮರುಳಸಿದ್ದಪ್ಪನವರು ನಕ್ಕು, ಚಪ್ಪಲಿ ಬಿಟ್ಟು ಪಕ್ಕದಲ್ಲೇ ಕುಳಿತರು. ಜಾಣರು, ಹೂಂ ಎನ್ನದೆ ಬರೀ ಕೇಳಿದರು. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಎದ್ದರು.

“ಇಂಥದ್ದು ಬ್ಯಾರೆ ಎಲ್ಲೂ ಕಂಡಿಲ್ಲ. ಗ್ರಂಥಾಲಯಕ್ಕೆ ಪೂರ್ತಿ ಅಂಕ.”

ಹಾಲೇಶನ ಮುಖ ಸೂರ್ಯಕಾಂತಿಯಾಯಿತು.

“ಆದ್ರೆ ಬಸವೇಶ್, ಈ ಅರಿವನ್ನ ನಾಕು ಗೋಡೆ ನಡುವೆ ಕೂಡಿಹಾಕಬಾರ್ದು. ಹಾಲೇಶ್ ಹುಡುಗ್ರನ್ನ ಕರ್ಕಂಡು ವಾರ ವಾರ ಹಟ್ಟಿಗೇ ಹೋಗ್ಲಿ. ಇನ್ನು ಈ ಕೋಣೆ ಯಾತಕ್ಕೆ?”

ಅವರು ಗೇಟು ದಾಟುವಷ್ಟರಲ್ಲಿ ಉತ್ತರಪತ್ರಿಕೆಯ ಮೂಟೆಗಳು ಬಂದವು. ಹಾಲೇಶ್ ತಡೆಯಬೇಕೆಂದು ಅರ್ಧ ಎದ್ದ. ಬೊಮ್ಮಕ್ಕ ಕತೆ ನಿಲ್ಲಿಸಿ ಅವನನ್ನೇ ನೋಡಿದಳು. ಅವನು ಮೆಲ್ಲಗೆ ಕುಳಿತುಕೊಂಡ. ಮೂಟೆಗಳು ಅವನ ಭುಜದೆತ್ತರಕ್ಕೆ ಬಂದವು.

“ಒಂದೀಟು ಜರುಗ್ರಿ ಸಾರ್,” ಎಂದ ಜಬೀವುಲ್ಲಾ, ಇನ್ನೊಂದು ಮೂಟೆ ಹೊತ್ತು.

ಹಾಲೇಶ್ ಕುಂತಲ್ಲೇ ಜರುಗಿ, ಮೂಟೆಗಳ ಸಂದಿನಿಂದ ತಲೆ ಹೊರಚಾಚಿದ.

“ಮುಂದಕ್ಕೇನಾತು, ಅಜ್ಜಿ?”