ಪಿಳ್ಳಾಂಜಿನಪ್ಪನ ನಿಶ್ವಾಸಾಸ್ತ್ರ ಪ್ರಯೋಗ

ಬೆಟ್ಟದ ಮೇಲೆ ಮೋಡ ಮೇಯುವ, ಬೆಟ್ಟದ ಕೆಳಗೆ ಪ್ಲಾಸ್ಟಿಕ್ ಹೊಳೆಯುವ ಈ ಪಾಲಿಹೌಸ್ ಯುಗಕ್ಕೆ ಜಯವಾಗಲಿ! ಓ ವಾಗ್ದೇವಿಯೇ, ನಂದಿಬೆಟ್ಟದ ತಪ್ಪಲಲ್ಲಿ ಹತ್ತು ಗುಂಟೆಯ ಸಾಮ್ರಾಜ್ಯವನ್ನಾಳಿದ, ಸ್ಟ್ರಾಬೆರಿಕುಲತಿಲಕನೂ ಷಡ್ಡಕಮದಭಂಜನೋತ್ಸುಕನೂ ಗುಂಗುರುಮೀಸೆಮಂಡಿತನೂ ಆದ ಶ್ರೀ ಪಿಳ್ಳಾಂಜಿನಪ್ಪನ ಪರಾಕ್ರಮವನ್ನು ಹಾಡಲು ನನ್ನ ನಾಲಿಗೆಯ ಮೇಲೆ ಒಂದು ಗಳಿಗೆ ಕುಳಿತುಕೋ. ಹೆಚ್ಚು ಹೊತ್ತು ಬೇಡ, ಅಷ್ಟು ದೊಡ್ಡ ವಿಷಯವೇನಲ್ಲ.

ಈ ವೀರನ ಷಡ್ಡಕ, ಅಂದರೆ ನಾದಿನಿಯ ಗಂಡ ಬೈಚಪ್ಪನಿಗೂ ಪಕ್ಕದಲ್ಲೇ ಪ್ಲಾಸ್ಟಿಕ್ ಹೊದಿಸಿದ ಒಂದು ಪಾಲಿಹೌಸು. ಅವನ ಸ್ಟ್ರಾಬೆರಿ ಹಣ್ಣುಗಳು ವೀರನ ಹಣ್ಣುಗಳಿಗಿಂತ ದಪ್ಪ. ಈ ಘೋರಾಪಮಾನದಿಂದ ಕುದಿಯುತ್ತಿದ್ದ ವೀರನು, ಇಂಗಾಲದ ಡೈಆಕ್ಸೈಡ್ ಕೊಟ್ಟರೆ ಹಣ್ಣು ಉಬ್ಬುತ್ತದೆಂಬ ದಿವ್ಯರಹಸ್ಯವನ್ನು ರೈತರ ತರಬೇತಿಯೊಂದರಲ್ಲಿ ಆಲಿಸಿದನು. ಬಿಸಿಲು, ಸೆಕೆ, ಗಾಳಿ ಎಷ್ಟಿರಬೇಕೆಂಬ ಉತ್ತರಾರ್ಧವನ್ನು ಆಲಿಸಲಿಲ್ಲ. ಅಷ್ಟರಲ್ಲಿ ಮುದ್ದೆ, ಉಪ್ಸಾರಿನ ಪರಿಮಳ ಬಂದಿತ್ತು, ಎದ್ದು ಹೋಗಿದ್ದನು.

ಮರುದಿನ ಟೀ ಅಂಗಡಿಯೆಂಬ ರಾಜಸಭೆಯಲ್ಲಿ ಮೀಸೆ ತಿರುವಿ ಗರ್ಜಿಸಿದನು: "ಕೇಳೋ ಬೈಚಪ್ಪ! ಮುಂದಿನ ತಿಂಗ್ಳು ಫಲಪುಷ್ಪ ಪ್ರದರ್ಶನದಾಗೆ ನನ್ ಹಣ್ಣು ನಿನ್ ಹಣ್ಣಿಗಿಂತ ದಪ್ಪ ಇರ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕೊಂಡು ನಿನ್ ಮುಂದೆ ಬಂದ್ ನಿಂತ್ಕಂತೀನಿ!"

"ಆಗ್ಲೇಳಣ್ಣ," ಎಂದ ಬೈಚಪ್ಪ, ಟೀಯಲ್ಲಿ ಬನ್ನು ಅದ್ದುತ್ತ.

ಇಪ್ಪತ್ತೈದು ವರ್ಷದ ಮೀಸೆ ಅದು. ಮದುವೆ ಫೋಟೋದಲ್ಲಿ ಮದುಮಗನಿಗಿಂತ ಮೊದಲು ಕಾಣುವುದು ಅದೇ.

ಆ ಗ್ಯಾಸಿನ ಸಿಲಿಂಡರು ತರುವುದು ಕೈಲಾಗದವರ ಕೆಲಸವೆಂದು ಬಗೆದ ವೀರನು ಊರಿನ ಭಜನಾಮಂಡಳಿಯನ್ನೇ ಚತುರಂಗಸೇನೆಯಾಗಿ ಕರೆತಂದನು. ಮನುಷ್ಯ ಬಿಡುವ ಉಸಿರಿನಲ್ಲೂ ಆ ಅನಿಲವೇ ಇದೆಯಲ್ಲವೇ! ಒಂದು ಗುಟುಕು ಉಸಿರೂ ಸೋರದಂತೆ ನಡುಮಧ್ಯಾಹ್ನ ಪಾಲಿಹೌಸಿನ ಪರದೆಗಳನ್ನೆಲ್ಲ ಇಳಿಸಿ, ಬಾಗಿಲು ಜಡಿದು, ಹದಿನಾಲ್ಕು ಜನರನ್ನು ಸ್ಟ್ರಾಬೆರಿ ಸಾಲುಗಳ ನಡುವೆ ಕೂರಿಸಿದನು.

ಹೆಂಡತಿ ಅಕ್ಕಯಮ್ಮ ಹೊರಗಿನಿಂದ ಕೂಗಿದಳು: "ಪರದೆ ಎತ್ತಯ್ಯೋ, ಗಿಡ ಬೆಂದೋಯ್ತವೆ! ಜೇನುಹುಳ ಹೂವಿಗ್ ಬರೋದ್ ಹೆಂಗೆ?"

"ವಿಜ್ಞಾನ ನಿಂಗೇನ್ ಗೊತ್ತು, ಸುಮ್ಕಿರು! ಎಲ್ರೂ ಜೋರಾಗಿ ಉಸ್ರು ಬಿಡ್ರಪ್ಪಾ!"

ಮೂರನೆಯ ಕೀರ್ತನೆಗೆ ಹಾರ್ಮೋನಿಯಂನವರು ಉರುಳಿದರು, ನಾಲ್ಕನೆಯದಕ್ಕೆ ತಾಳದವರು. ಹೀಗೆ ಒಂಬತ್ತು ದಿನ ಆ ಬೆವರಿನ ಮಹಾಸಂಗ್ರಾಮ ನಡೆಯಿತು. ಸೆಕೆಗೆ ಹೂಗಳು ಕಪ್ಪಾಗಿ ಉದುರಿದವು, ಉಳಿದವು ಜೇನುಹುಳದ ಮುಖ ಕಾಣದೆ ಮುರುಟಿದವು. ವೀರನು ಮಾತ್ರ ಇದು ಹಣ್ಣು ಉಬ್ಬುವ ಮೊದಲಿನ ಲಕ್ಷಣವೆಂದು ಎಲ್ಲರಿಗೂ ಬೋಧಿಸಿದನು. ಇಂಥ ಬುದ್ಧಿಗೆ ಏನು ಹೇಳೋಣ!

ಪ್ರದರ್ಶನದ ದಿನ ಅವನ ತಟ್ಟೆಯಲ್ಲಿದ್ದದ್ದು ಬಟಾಣಿ ಗಾತ್ರದ ಒಂದೇ ಒಂದು ಸೊಟ್ಟ ಹಣ್ಣು. ತೀರ್ಪುಗಾರರು ತಟ್ಟೆ ಖಾಲಿಯೆಂದುಕೊಂಡು ಅದರ ಮೇಲೆ ತಮ್ಮ ಕಾಗದಪತ್ರ ಇಟ್ಟರು.

ಪ್ರತಿಜ್ಞಾಪಾಲಕನಾದ ವೀರನು ನೇರ ಕ್ಷೌರದಂಗಡಿಗೆ ನಡೆದನು. ಕತ್ತರಿ ತಾಗುವಾಗ ನಿಜವಾಗಿಯೂ ಅತ್ತನು. ಆಮೇಲೆ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಬೈಚಪ್ಪನ ಪಾಲಿಹೌಸಿಗೆ ಬಂದು, ಎದೆ ಸೆಟೆಸಿ, ಶತ್ರುವಿನ ಅಟ್ಟಹಾಸಕ್ಕೆ ಸಿದ್ಧನಾಗಿ ಟವೆಲು ಕಿತ್ತೆಸೆದು ನಿಂತನು.

ಹಣ್ಣು ಕೀಳುತ್ತಿದ್ದ ಬೈಚಪ್ಪ ಅವನನ್ನೇ ದಿಟ್ಟಿಸಿದ. ಪಂತದ ಮಾತು ಅವನಿಗೆ ಅಂದೇ ಮರೆತುಹೋಗಿತ್ತು.

"ಯಾಕಣ್ಣಾ, ಮಖ ಇಂಗ್ ಸೊರಗೈತೆ? ಜ್ವರ ಏನಾನಾ ಬಂದಿತ್ತಾ?" ಎಂದು ಎರಡು ದಪ್ಪ ಹಣ್ಣು ಆರಿಸಿ ಅವನ ಕೈಗಿಟ್ಟ. "ತಿನ್ನು, ಬಾಯಿಗ್ ರುಚಿ ಬತ್ತದೆ."

ವೀರನು ತಿಂದನು. ಸಿಹಿಯಾಗಿದ್ದವು.