ಕರೆಂಟಿಲ್ಲದ ಮನೆಯ ಫ್ರಿಜ್ಜು

ಬಡವರ ಪಟ್ಟಿ ಬರೆಯುವ ಸಾಹೇಬರು ಅಂಕೋಲೆಯಿಂದ ಇವತ್ತೇ ಬರುತ್ತಾರಂತೆ ಎಂಬ ಸುದ್ದಿ ಬೆಳಗಿನ ಬಸ್ಸಿನಿಂದ ಇಳಿದದ್ದೇ ತಡ, ಮಂಜಗುಣಿಯ ಆ ಕೇರಿಗೆ ಕೇರಿಯೇ ಗಡಿಬಿಡಿಯಲ್ಲಿ ಬಡವಾಗತೊಡಗಿತು. ೨೦೦೨ರ ಮಾತು. ಮನೆಯಲ್ಲಿ ಟಿವಿ, ಫ್ರಿಜ್ಜು ಕಂಡರೆ ಅಗ್ಗದ ಅಕ್ಕಿಯ ಕಾರ್ಡು ಸಿಗುವುದಿಲ್ಲ. ಬಚ್ಚಿಡಲು ಖಾಲಿಯಿದ್ದದ್ದು ಒಂದೇ ಮನೆ, ಕುಪ್ಪನದು. ಅಂಥ ಬಡವನ ಮನೆಯೊಳಗೆ ಸಾಹೇಬರು ಇಣುಕಲಾರರು ಎಂಬ ಲೆಕ್ಕ.

ಕುಪ್ಪ ಗಂಗಾವಳಿ ಹೊಳೆಯಲ್ಲಿ ಬೀಸುಬಲೆ ಎಸೆದು, ಸಿಕ್ಕಷ್ಟು ಮೀನು ಹಿಡಿದು ಬದುಕುವವನು. ಮಧ್ಯಾಹ್ನ ಬುಟ್ಟಿ ಹಿಡಿದು ಮನೆಗೆ ಬಂದರೆ ಬಾಗಿಲ ತುಂಬ ಬಿಳೀ ಫ್ರಿಜ್ಜೊಂದು ಮುನಿಸಿಕೊಂಡ ಬೀಗಿತ್ತಿಯ ಹಾಗೆ ನಿಂತಿತ್ತು. ಕುಪ್ಪ ಮೆಲ್ಲಗೆ ಅದರ ಮೈ ಮುಟ್ಟಿದ. ಹೊಳಪಿನ ಒಳಗಿನಿಂದ ಅವನದೇ ಮುಖ ಅವನನ್ನು ಬೆರಗಿನಿಂದ ನೋಡಿತು.

"ಹೊನ್ನಿ, ಇದೆಂತದೇ?"

"ಕಾಶಕ್ಕಂದು," ಹೆಂಡತಿಯ ದನಿ ಫ್ರಿಜ್ಜಿನ ಹಿಂದಿನಿಂದ ಬಂತು. "ಟಿವಿ ಮಾದಣ್ಣಂದು. ಕಪಾಟು, ಮಂಚ ಯಾರ್ಯಾರದೋ. ಬೇಡ ಅಂದ್ರೂ ತಂದು ತುಂಬಿದ್ರು. ಒಲೆ ಹತ್ರ ಹೋಗೂಕೆ ನಾನು ಮಂಚದ ಅಡಿಗೆ ನುಸೀಬೇಕು!"

ಅಷ್ಟರಲ್ಲಿ ಪಕ್ಕದ ಮನೆಯ ಮಾದು ಹರಿದ ಬನಿಯನ್ ತೊಟ್ಟು ಓಡಿಬಂದ. "ಕುಪ್ಪಣ್ಣ, ಒಂದೇ ತಾಸು. ಸಾಹೇಬರು ಕೇಳಿದ್ರೆ ಊಟಕ್ಕಿಲ್ಲ ಹೇಳು. ನಿಂಗೂ ಕಾರ್ಡು ಸಿಗ್ತದೆ."

"ಸುಳ್ಳು ಹೇಳೂಕೆ ನಂಗೆ ಬರೂದಿಲ್ಲ ಮಾರಾಯಾ."

"ಹಂಗಾರೆ ಎಂತದೂ ಹೇಳ್ಬೇಡ. ಬರೀ ಅಳು."

ಸಾಹೇಬರ ಹೆಸರು ಸತೀಶ. ಕೇರಿಯವರೆಲ್ಲರ ಕಣ್ಣೀರಲ್ಲಿ ತೊಯ್ದು, ಕೊನೆಯದಾಗಿ ಕುಪ್ಪನ ಬಾಗಿಲಿಗೆ ಬಂದರು. ಹಿಂದೆಯೇ ಇಡೀ ಕೇರಿ. ಸತೀಶರು ಮಾಡು ನೋಡಿದರು, ಗೋಡೆ ನೋಡಿದರು. ಒಂದು ವಯರೂ ಇಲ್ಲ.

"ಕರೆಂಟಿಲ್ಲದ ಮನೆಗೆ ಫ್ರಿಜ್ಜು ಎಂತಕೆ?"

"ನಮ್ದಲ್ಲ ಸಾಹೇಬರೆ."

"ಮತ್ತೆ ಯಾರದು?"

ಕುಪ್ಪ ಬಾಗಿಲಾಚೆ ನೆರೆದ ಕೇರಿಯತ್ತ ನೋಡಿದ. ಹೇಳಿದರೆ ನೆರೆಯವರ ಅಕ್ಕಿ ಹೋಗುತ್ತದೆ. ಸುಳ್ಳಂತೂ ನಾಲಿಗೆಗೆ ಬರುವುದಿಲ್ಲ. "ಅದು ನನ್ನ ಬಾಯಲ್ಲಿ ಬೇಡ. ಅವರನ್ನೇ ಕೇಳಿ."

ಸತೀಶರು ತಿರುಗಿ ಕೇಳಿದರು. ಫ್ರಿಜ್ಜಿನ ಒಡತಿ ಕಾಶಿ ತೆಂಗಿನಮರದ ತುದಿ ನೋಡಿದಳು. ಮಾದು, "ನಮ್ದಲ್ಲಪ್ಪ! ಟಿವಿ ಅಂದ್ರೆ ಹೀಂಗಿರ್ತದೆ ಹೇಳಿ ಇವತ್ತೇ ಗೊತ್ತಾದದ್ದು" ಎಂದ.

ಸತೀಶರು ಪೆನ್ನು ತೆಗೆದರು. "ಕುಪ್ಪಣ್ಣ, ಊಟ?"

"ಮೀನು ಸಿಕ್ಕಿದ ದಿನ ಮೀನು, ಇಲ್ದಿದ್ರೆ ಗಂಜಿ. ಹಸ್ಕಂಡು ಮಲಗಿದ್ದಿಲ್ಲ."

"ಸರಕಾರದಿಂದ ನಿಮಗೆಂತ ಬೇಕು?"

ಕೇರಿ ಉಸಿರು ಬಿಗಿಹಿಡಿಯಿತು. "ಅಕ್ಕಿ ಹೇಳಿ, ಅಕ್ಕಿ!" ಹೊನ್ನಿಯ ದನಿಯಲ್ಲಿ ಫ್ರಿಜ್ಜು ಪಿಸುಗುಟ್ಟಿತು. ಕುಪ್ಪ ನಿಜಕ್ಕೂ ಯೋಚಿಸಿದ. ಬುಟ್ಟಿಯಲ್ಲಿ ಮೀನು ಇನ್ನೂ ಮಿಡುಕುತ್ತಿತ್ತು. ತೆಂಗಿನ ಸಾಲಿನಾಚೆ ಗಂಗಾವಳಿ ಉಬ್ಬರದಲ್ಲಿ ತುಂಬಿ ಬಿಸಿಲಿಗೆ ಬೆಳ್ಳಿಯಾಗಿತ್ತು. ಅವನು ತಲೆ ಕೆರೆದುಕೊಂಡು, ತಪ್ಪು ಮಾಡಿದವನ ಹಾಗೆ ಹೇಳಿದ:

"ಎಂತದೂ ನೆನಪಾಗೂದಿಲ್ಲ ಸಾಹೇಬರೆ."

ಪೆನ್ನು ನಿಂತಿತು. ಸತೀಶರು ಕನ್ನಡಕ ತೆಗೆದರು. "ಹದಿನೇಳು ಊರು ತಿರುಗಿದೆ. ಸಾಕು ಅಂದವರನ್ನ ಇವತ್ತೇ ನೋಡಿದ್ದು" ಎಂದು ಕೈ ಮುಗಿದರು. ಅಳುವುದಕ್ಕೆಂದೇ ಬಂದವರೂ ಅಳು ಮರೆತರು. ಹೊನ್ನಿ ಫ್ರಿಜ್ಜಿನ ಸಂದಿಯಿಂದ ಕತ್ತು ಚಾಚಿ, ಗಂಡನನ್ನು ಅದೇ ಮೊದಲ ಸಲವೆಂಬಂತೆ ನೋಡಿದಳು.

ಸತೀಶರು ಮತ್ತೆ ಕನ್ನಡಕ ಹಾಕಿಕೊಂಡರು. "ಆದ್ರೆ ಕಾಯ್ದೆ ಕಾಯ್ದೆಯೇ. ಬೇರೆ ಯಾರದ್ದೂ ಅಲ್ಲದ ಸಾಮಾನು ಮನೆಯವರದ್ದೇ. ಈ ಕೇರಿಗೆ ನೀವೊಬ್ಬರೇ ಶ್ರೀಮಂತರು. ನಿಮಗೆ ಕಾರ್ಡಿಲ್ಲ." ಆಮೇಲೆ ಗುಂಪಿನತ್ತ ತಿರುಗಿ ಮುಗುಳ್ನಕ್ಕರು. "ಉಳಿದವರಿಗೆಲ್ಲ ಉಂಟು. ತಿಂಗಳೊಳಗೆ ದೊಡ್ಡ ಸಾಹೇಬರು ತಪಾಸಣೆಗೆ ಬರ್ತಾರೆ. ಬರೆದ ಸಾಮಾನು ಈ ಮನೆಯಿಂದ ಅಲುಗಿತೋ, ಎಲ್ಲರ ಕಾರ್ಡೂ ರದ್ದು!"

ಮಾದುವಿನ ಮುಖ ಕಪ್ಪಿಟ್ಟಿತು. ಕಾಶಿ ಈಗ ನಿಜವಾಗಿ ಅತ್ತಳು.

ಹೊತ್ತು ಮುಳುಗುವಾಗ ಕುಪ್ಪ ಚಾಪೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಸಾರಿನ ಗಡಿಗೆ ಹಿಡಿದ ಹೊನ್ನಿಯೊಡನೆ ಮಾದುವಿನ ಬಾಗಿಲಿಗೆ ಬಂದು ನಿಂತ.

"ಮಾದು, ಒಂದು ತಿಂಗಳು ನಮ್ಗೆ ಇಲ್ಲೇ ಮಲಗೂಕೆ ಜಾಗ ಕೊಡು ಮಾರಾಯಾ. ಶ್ರೀಮಂತರ ಮನೆಲಿ ಕಾಲು ಚಾಚೂಕೂ ಆಗೂದಿಲ್ಲ."