ದೊರೆಯ ಪಕ್ಕದ ಕುರ್ಚಿ

ಧರ್ಮಲಿಂಗನ ಗ್ರಹಚಾರಕ್ಕೆಲ್ಲ ಒಂದು ಕುರ್ಚಿಯೇ ಕಾರಣ. ನೀಲಗಿರಿಯ ಕೆತ್ತಿ ಊರಿನ ಟೀ ಫ್ಯಾಕ್ಟರಿಯಲ್ಲಿ ಅವನು ಎಲೆ ಗುಮಾಸ್ತ. ಹಟ್ಟಿಯವರು ತಂದ ಎಲೆ ಬಲಿತಿದ್ದರೆ "ನೋ!" ಎಂದು ಬುಟ್ಟಿಯನ್ನು ವಾಪಸ್ ತಳ್ಳುವುದು ಅವನ ಕೆಲಸ. ದಿನಕ್ಕೆ ನಲವತ್ತು ಸಲ "ನೋ" ಅಂದೂ ಅಂದೂ, ತನಗೆ ಇಂಗ್ಲಿಷ್ ಪೂರ್ತಿ ಬರುತ್ತದೆಂದು ಅವನೇ ನಂಬಿಬಿಟ್ಟಿದ್ದ.

ಹೆಡ್ ಕ್ಲಾರ್ಕ್ ಜಾಗ ಖಾಲಿಯಾಗಿತ್ತು; ಅದಕ್ಕೆ ಇಂಗ್ಲಿಷ್ ಬೇಕಿತ್ತು. ಅದೇ ಸಮಯಕ್ಕೆ ಫ್ಯಾಕ್ಟರಿಯ ಬಿಳಿ ದೊರೆಯ ಸ್ನೇಹಿತರೊಬ್ಬರು ಅಮೆರಿಕದ ಟೆಲಿವಿಷನ್ ಹಾಸ್ಯ ನಾಟಕಗಳ ಫಿಲಂ ಸುರುಳಿ ಕಳಿಸಿದ್ದರು. "ಭಾನುವಾರ ಮಧ್ಯಾಹ್ನ ಎಲ್ಲರಿಗೂ ತೋರಿಸೋಣ. ಇಂಗ್ಲಿಷ್ ಬಲ್ಲವನು ನನ್ನ ಪಕ್ಕ ಕೂರಲಿ" ಎಂದರು ದೊರೆ. ಧರ್ಮಲಿಂಗ ಎರಡೂ ಕೈ ಎತ್ತಿದ.

"ಅವ್ವ, ನೀ ಬರಬೇಡ. ಅದೆಲ್ಲ ಇಂಗ್ಲಿಷ್" ಎಂದು ತಾಯಿ ಮಹಾಲಿಂಗಮ್ಮನಿಗೆ ಹೇಳಿಯೇ ಮನೆ ಬಿಟ್ಟ. ಆದರೆ ಪಕ್ಕದ ಮನೆ ಕಮಲಂ ಸುಮ್ಮನಿರುವ ಹೆಂಗಸೇ? "ಮಗ ದೊರೆ ಪಕ್ಕ ಕೂತಿರೋದ ನೋಡ್ದೆ ಇರ್ತೀಯಾ? ನಡೀ" ಎಂದು ಮುದುಕಿಯನ್ನು ಎಳೆದುಕೊಂಡೇ ಬಂದಳು.

ಎಲೆ ಬಾಡಿಸುವ ಅಟ್ಟದಲ್ಲಿ ಬಿಳಿ ಬಟ್ಟೆ ಕಟ್ಟಿದ್ದರು. ತೆರೆಯ ಮೇಲೆ ಒಬ್ಬ ಸಣಕಲು ನಟ ಮನೆಯೊಳಗೆ ಬರುವುದು, ಬಾಗಿಲ ಚಾಪೆಗೆ ಕಾಲು ಸಿಕ್ಕಿ ಬೀಳುವುದು, ಹೆಂಡತಿ ಗದರುವುದು. ಮಾತು ಒಂದೂ ಧರ್ಮಲಿಂಗನ ತಲೆಗೆ ಹತ್ತಲಿಲ್ಲ. ಆದರೆ ಸ್ವಲ್ಪ ಹೊತ್ತಿಗೇ ಒಂದು ಗುಟ್ಟು ಹೊಳೆಯಿತು: ತೆರೆಯಲ್ಲಿ ಯಾರೂ ನಗದಿದ್ದರೂ ಯಂತ್ರದ ಸದ್ದಿನ ಪೆಟ್ಟಿಗೆಯೊಳಗಿಂದ ಗುಂಪು ನಗುವ ಸದ್ದು ಬರುತ್ತಿತ್ತು. ಅದು ನಕ್ಕಾಗಲೆಲ್ಲ ಇವನೂ ತೊಡೆ ತಟ್ಟಿ ನಕ್ಕ. ದೊರೆ ಮೆಚ್ಚಿ ಇವನ ಬೆನ್ನು ತಟ್ಟಿದರು.

"ಬಿದ್ದವನ್ನ ಎತ್ತೋದು ಬಿಟ್ಟು ನಗ್ತಾರಲ್ಲ, ಎಂಥ ಜನ!" ಹಿಂದಿನಿಂದ ಒಂದು ದನಿ ಕೇಳಿತು. ಧರ್ಮಲಿಂಗ ತಟ್ಟನೆ ಹಿಂತಿರುಗಿ ನೋಡಿದ. ಅವ್ವ!

ಮೂರನೆಯ ಸಲ ಆ ನಟ ನೋಡುವವರ ಕಡೆಗೇ ತಲೆ ಮಾಡಿ ಉದ್ದಕ್ಕೆ ಬಿದ್ದ. ಚಿಕ್ಕವರು ತಲೆ ಬಗ್ಗಿಸಿದರೆ ಹಿರಿಯರು ಕೈಯಿಟ್ಟು ಹರಸದೆ ಬಿಡುವ ಪದ್ಧತಿ ಹಟ್ಟಿಯಲ್ಲಿಲ್ಲ. ಮಹಾಲಿಂಗಮ್ಮ ಕೋಲೂರಿಕೊಂಡು ಸೀದಾ ತೆರೆಯ ಹತ್ತಿರ ಹೋಗಿ ಅವನ ತಲೆಯ ಮೇಲೆ ಅಂಗೈ ಇಟ್ಟಳು.

"ಬದುಕು ಮಗ, ನೂರು ವರ್ಷ ಬದುಕು. ಆ ಚಾಪೆ ಮೊದಲು ಎತ್ತಿಡು!"

ಅಟ್ಟ ಹಾರಿಹೋಗುವಂತೆ ಜನ ನಕ್ಕರು. ಯಂತ್ರ ನಿಂತಿತು. ದೊರೆ ಧರ್ಮಲಿಂಗನತ್ತ ತಿರುಗಿ, "ಯುವರ್ ಮದರ್?" ಎಂದರು. ಇಡೀ ದಿನದಲ್ಲಿ ಅವನಿಗೆ ಅರ್ಥವಾದ ಇಂಗ್ಲಿಷ್ ಅದೊಂದೇ.

"ನೋ!" ಎಂದುಬಿಟ್ಟ. ದಿನಾ ಹೇಳಿ ಪಳಗಿದ ನಾಲಿಗೆ, ತಡೆಯಲೇ ಇಲ್ಲ. ಅಂದ ಕ್ಷಣವೇ ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ತೂಕದ ಗುಮಾಸ್ತ ಭೋಜನ್ ಎದ್ದು ನಿಂತ. "ನನಗೆ ದೊಡ್ಡಮ್ಮ ಆಗ್ಬೇಕು, ದೊರೆ" ಎಂದ. ಸುಳ್ಳೇನಲ್ಲ, ಹಟ್ಟಿಯಲ್ಲಿ ಎಲ್ಲರಿಗೂ ಎಲ್ಲರೂ ಏನಾದರೂ ಆಗಬೇಕು. ದೊರೆಯ ಕಣ್ಣಂಚು ಒದ್ದೆಯಾಗಿತ್ತು. ತಮ್ಮ ತಾಯಿಯೂ ಹೀಗೇ ನಾಟಕದವರಿಗೆ ಬುದ್ಧಿ ಹೇಳುತ್ತಿದ್ದರೆಂದು ಹರಕು ತಮಿಳಿನಲ್ಲಿ ಹೇಳಿ, "ಇಂಥ ಮನೆಯ ಹುಡುಗನೇ ನನಗೆ ಬೇಕು. ನಾಳೆಯಿಂದ ಭೋಜನ್ ಹೆಡ್ ಕ್ಲಾರ್ಕ್" ಎಂದರು.

ಧರ್ಮಲಿಂಗ ತಾಯಿಯ ಬಳಿ ಬಂದು ನಿಂತ. "ಅವ್ವ, ದೊರೆ ಇಂಗ್ಲಿಷಲ್ಲಿ ಕೇಳಿದ್ದು ಏನಂದ್ರೆ..."

"ಅವರು ಕೇಳಿದ್ದು ನಂಗೊತ್ತಾಗಿಲ್ಲ ಮಗ" ಎಂದಳು ಮಹಾಲಿಂಗಮ್ಮ. "ನೀ ಹೇಳಿದ್ದು ಗೊತ್ತಾಯ್ತು. ನನ್ನ ಬುಟ್ಟಿಗೆ ದಿನಾ ಅದನ್ನೇ ಅಂತೀಯಲ್ಲ."

ನಾಚಿಕೆಯಿಂದ ಅವನ ತಲೆ ತಾನಾಗಿ ಬಗ್ಗಿತು. ತಲೆ ಬಗ್ಗಿದ ಮೇಲೆ ಅವಳೇನು ಮಾಡಿಯಾಳು? ಕೈಯಿಟ್ಟು "ಬದುಕು" ಎಂದಳು. ಕೋಲಿನಿಂದ ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟರಲ್ಲಿ ಯಂತ್ರ ಮತ್ತೆ ಶುರುವಾಯಿತು. ಪೆಟ್ಟಿಗೆಯೊಳಗಿನವರು ಹೋ ಎಂದು ನಕ್ಕರು. ಈ ಸಲ ಧರ್ಮಲಿಂಗ ನಗಲಿಲ್ಲ.